ಷೋರೂಮಿನಲ್ಲಿ ಅಕ್ಕನ ಹಿಟ್ಟು

ದೊಡ್ಡ ಕಂಪನಿಗಳೆಲ್ಲ ಸಣ್ಣ ಅಂಗಡಿಗಳಲ್ಲೇ ಹುಟ್ಟುತ್ತವೆ. ಇದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಹಾಗೆಂದು ಬರೆದು ಸಂಬಳ ತೆಗೆದುಕೊಳ್ಳುವವನು ನಾನೇ. ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು ತಯಾರಿಸುವ ಕಂಪನಿಗಳು, ಅವನ್ನು ಊರೂರಲ್ಲಿ ಷೋರೂಮು ತೆರೆದು ಮಾರುವ ಕಂಪನಿಗಳು, ಇವುಗಳ ಪರಿಚಯವನ್ನು ಕನ್ನಡದಲ್ಲಿ ಬರೆದುಕೊಡುವುದು ನನ್ನ ಹೊಟ್ಟೆಪಾಡು. ರಾಜಾಜಿನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಬನ್ನು ಬೇಯುತ್ತದೆ, ಮೇಲೆ ನಾನು ಕಂಪನಿಗಳ ಧ್ಯೇಯೋದ್ದೇಶಗಳನ್ನು ಬೇಯಿಸುತ್ತೇನೆ. ಎರಡೂ ಗಾಳಿ ತುಂಬಿ ಉಬ್ಬಿದ ಪದಾರ್ಥಗಳೇ. ಆದರೆ ಬನ್ನಿನಿಂದ ಒಬ್ಬರ ಹೊಟ್ಟೆಯಾದರೂ ತುಂಬುತ್ತದೆ ಎಂಬ ಯೋಚನೆ ಮಧ್ಯಾಹ್ನ ಕಾಫಿಗೆ ಕೆಳಗಿಳಿದಾಗಲೆಲ್ಲ ಬಂದು ಹೋಗುತ್ತದೆ.

ಕಂಪನಿ ಪರಿಚಯ ಬರೆಯುವುದು ಕಷ್ಟವೇನಲ್ಲ. ಮೊದಲ ಪ್ಯಾರಾದಲ್ಲಿ ಒಬ್ಬ ಸಂಸ್ಥಾಪಕರು ಇರಬೇಕು. ಅವರು ಒಂದು ಇಕ್ಕಟ್ಟಾದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತು ದೊಡ್ಡ ಕನಸು ಕಾಣಬೇಕು. ಎರಡನೆಯ ಪ್ಯಾರಾದಲ್ಲಿ ಆ ಕನಸು ರಾಜ್ಯದಿಂದ ರಾಜ್ಯಕ್ಕೆ ಹಬ್ಬಬೇಕು. ಮೂರನೆಯದರಲ್ಲಿ ಗ್ರಾಹಕನ ಮುಖದ ಮೇಲೆ ನಗು ಮೂಡಬೇಕು. ಶುರುವಿನಲ್ಲಿ ನನಗೂ ಹುರುಪಿತ್ತು. ಆ ಸಂಸ್ಥಾಪಕರು ನಿಜವಾಗಿ ರೇಡಿಯೋ ರಿಪೇರಿ ಮಾಡುತ್ತಿದ್ದರೇ ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದೆ. ನಮ್ಮ ಮಾಲೀಕರು ಕನ್ನಡಕದ ಮೇಲಿಂದ ನೋಡಿ, "ಶ್ರೀನಿವಾಸ್, ಮಾಡ್ತಿರಲಿಲ್ಲ ಅಂತ ಬರೆಯೋಕಾಗುತ್ತಾ?" ಎಂದರು. ಅದರಲ್ಲಿದ್ದ ನ್ಯಾಯ ನನಗೆ ಅರ್ಥವಾಯಿತು. ಆಮೇಲೆ ಕೇಳುವುದನ್ನು ಬಿಟ್ಟೆ. ಈಗಂತೂ ಕಂಪನಿಯ ಹೆಸರು ಬಂದರೆ ಸಾಕು, ಗಡಿಯಾರಕ್ಕೆ ಕೀ ಕೊಟ್ಟಂತೆ ನನ್ನ ಬೆರಳುಗಳು ತಾವೇ ಓಡುತ್ತವೆ. ತಲೆ ಆ ಹೊತ್ತಿನಲ್ಲಿ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ತೊಂದರೆ ಏನೆಂದರೆ, ಪರಿಚಯ ಬರೆಯುವವನಿಗೆ ಕಂಪನಿಯವರ ಪರಿಚಯವೂ ಇರುತ್ತದೆ ಎಂದು ನಮ್ಮ ಬಂಧುಬಳಗ ನಂಬಿದೆ. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಟ್ಟ ಮೇಲೆ ಒಂದು ಗಂಟಲು ಸರಿಪಡಿಸುವ ಶಬ್ದ ಕೇಳುತ್ತದೆ. "ನಮ್ಮ ಟಿವಿಯಲ್ಲಿ ಒಂದು ಗೆರೆ ಬರ್ತಾ ಇದೆ, ನೀವು ಒಂದು ಮಾತು ಹೇಳಿದ್ರೆ..." ಎಂದು ಶುರುವಾಗುತ್ತದೆ. ನಾನು ಯಾರಿಗೆ ಹೇಳಲಿ? ಆ ಕಂಪನಿಗಳಲ್ಲಿ ನನ್ನನ್ನು ಬಲ್ಲ ಒಂದು ನರಪಿಳ್ಳೆಯೂ ಇಲ್ಲ. ಇದನ್ನು ಹೇಳಿದರೆ, "ದೊಡ್ಡೋರು ಹಾಗೇ ಹೇಳೋದು" ಎನ್ನುತ್ತಾರೆ. ನನ್ನ ಹೆಂಡತಿ ಸುಮಾ ಮಾತ್ರ ಹಾಗೆ ತಿಳಿದುಕೊಂಡಿಲ್ಲ. ನಮ್ಮ ಮನೆಯ ಮಿಕ್ಸಿ ಕೆಟ್ಟಾಗ ಅವಳು ನನಗೆ ಒಂದು ಮಾತೂ ಹೇಳದೆ ಪಕ್ಕದ ಬೀದಿಯ ರಿಪೇರಿಯವನ ಹತ್ತಿರ ಹೋಗಿ ಬಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ತಿಳಿವಳಿಕೆ ಬರದಿದ್ದರೆ ಹೇಗೆ?

ನನ್ನ ಸರೋಜಕ್ಕನಿಗೆ ಮಾತ್ರ ಆ ತಿಳಿವಳಿಕೆ ಬಂದಿಲ್ಲ. ಅಕ್ಕನ ಮನೆ ಸುಂಕದಕಟ್ಟೆಯಲ್ಲಿ. ಭಾವ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿಹೋದ ಮೇಲೆ ಅಕ್ಕ ಮನೆಯಲ್ಲೇ ಇಡ್ಲಿ ದೋಸೆ ಹಿಟ್ಟು ರುಬ್ಬಿ ಮಾರಲು ಶುರುಮಾಡಿದಳು. ಮೊದಲು ಅಕ್ಕಪಕ್ಕದವರು, ಆಮೇಲೆ ಹಿಂದಿನ ಬೀದಿಯವರು, ಆಮೇಲೆ ಪಿ.ಜಿ.ಗಳಲ್ಲಿರುವ ಹುಡುಗರು. ಈಗ ಆ ಸಂಸಾರ ನಿಂತಿರುವುದೇ ಹಿಟ್ಟಿನ ಮೇಲೆ. ಅಕ್ಕ ರುಬ್ಬುತ್ತಾಳೆ, ಭಾವ ಡಬ್ಬಿ ತುಂಬಿ ಸ್ಕೂಟರಿನಲ್ಲಿ ಹಂಚಿ ಬರುತ್ತಾರೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು ಮನೆಯಲ್ಲಿ ಅಕ್ಕನ ಕೈಕೆಳಗೆ ಬಂದಿದ್ದಾರೆ. ಅವರಿಗೆ ಅದರಿಂದ ಬೇಸರವೇನೂ ಇದ್ದಂತಿಲ್ಲ. "ಅಲ್ಲಿ ಮೂರು ಜನ ಮೇಲಧಿಕಾರಿಗಳಿದ್ರು, ಇಲ್ಲಿ ಒಬ್ಬಳೇ" ಎನ್ನುತ್ತಾರೆ.

ಹೋದ ಬೇಸಿಗೆಗೆ ಮೊದಲು ಅಕ್ಕನಿಗೆ ದೊಡ್ಡ ಫ್ರಿಜ್ಜು ಬೇಕಾಯಿತು. ಮಾಗಡಿ ರಸ್ತೆಯಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ದೊಡ್ಡ ಷೋರೂಮಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಮ್ಮ ಮಾಲೀಕರು ನನ್ನನ್ನು ಕೆಳಗಿನ ಬೇಕರಿಗೆ ಕಳಿಸುತ್ತಾರೆ. ಆ ಷೋರೂಮಿನ ಪರಿಚಯವನ್ನೂ ನಾನೇ ಬರೆದಿದ್ದೆ, ಅಕ್ಕ ಮೆಚ್ಚಿದ ಫ್ರಿಜ್ಜು ತಯಾರಿಸುವ ಕಂಪನಿಯದನ್ನೂ ನಾನೇ ಬರೆದಿದ್ದೆ. ಕೊಳ್ಳುವ ಮೊದಲು ಅಕ್ಕ ಫೋನು ಮಾಡಿ, "ಶೀನ, ಇವರ ಬಗ್ಗೆ ನೀನು ಅಷ್ಟೊಂದು ಚೆನ್ನಾಗಿ ಬರೆದಿದ್ದೀಯಲ್ಲೋ, ತಗೋಬಹುದಾ?" ಎಂದು ಕೇಳಿದಳು. ತಗೋ ಎನ್ನಲು ಧೈರ್ಯವಿಲ್ಲ, ಬೇಡ ಎನ್ನಲು ಬಾಯಿಲ್ಲ. "ಎಲ್ಲರೂ ತಗೋತಾರಕ್ಕ" ಎಂದೆ. ನನ್ನ ಮಾತು ಯಾವತ್ತೂ ಹೀಗೇ, ಎಡಕ್ಕೂ ಬೀಳದು ಬಲಕ್ಕೂ ಬೀಳದು. ಅಕ್ಕ ಅದನ್ನೇ ಗ್ಯಾರಂಟಿ ಕಾರ್ಡು ಎಂದುಕೊಂಡಳು.

ಫ್ರಿಜ್ಜು ಬಂತು. ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ನಮಗೆಲ್ಲ ಕೇಸರಿಬಾತು ಕೊಟ್ಟಳು. ಯುಗಾದಿ ಕಳೆದು ಬಿಸಿಲು ನೆತ್ತಿ ಸುಡಲು ಶುರುವಾದಾಗ ಒಂದು ಬೆಳಿಗ್ಗೆ ಅದು ತಣ್ಣಗೆ ತನ್ನ ಕೆಲಸ ನಿಲ್ಲಿಸಿತು. ತಣ್ಣಗೆ ಎಂದದ್ದು ತಪ್ಪು, ಬೆಚ್ಚಗೆ ನಿಲ್ಲಿಸಿತು. ಒಳಗೆ ದೀಪ ಉರಿಯುತ್ತಿತ್ತು, ಅದೇ ದೊಡ್ಡ ಮೋಸ. ನಾನು ಆಫೀಸಿಗೆ ಹೊರಡುವ ಮೊದಲು ಕಾಮಾಕ್ಷಿಪಾಳ್ಯದ ಟ್ರಾಫಿಕ್ಕಿನಲ್ಲಿ ಬೆಂದುಕೊಂಡು ಅಲ್ಲಿಗೆ ಹೋದಾಗ, ಡಬ್ಬಿಗಳ ಮುಚ್ಚಳಗಳೆಲ್ಲ ಟೋಪಿ ಎತ್ತಿ ನಮಸ್ಕಾರ ಮಾಡುವಂತೆ ಮೇಲೆದ್ದಿದ್ದವು. ಭಾವ ಬಾಗಿಲಲ್ಲೇ ನಿಂತಿದ್ದರು. "ಇವತ್ತು ಹಿಟ್ಟು ನಮಗಿಂತ ಮುಂಚೆ ಎದ್ದುಬಿಟ್ಟಿದೆ ಕಣಯ್ಯ" ಎಂದರು. ಅಕ್ಕ ನಗಲಿಲ್ಲ. ಹುಳಿಯಾದ ಹಿಟ್ಟನ್ನು ಅವಳು ಯಾರಿಗೂ ಮಾರುವವಳಲ್ಲ. ಎರಡು ದಿನ ಹಿಟ್ಟು ಕೊಡದಿದ್ದರೆ ಗಿರಾಕಿಗಳು ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಹೊರಳುತ್ತಾರೆ, ಹೊರಳಿದವರು ಮತ್ತೆ ಬರುವುದಿಲ್ಲ. ಇದು ನಮಗೆ ಮೂವರಿಗೂ ಗೊತ್ತಿತ್ತು.

"ನೀನೇ ಒಂದು ಮಾತು ಹೇಳೋ ಅವರಿಗೆ" ಎಂದಳು ಅಕ್ಕ.

ನಾನು ಗ್ರಾಹಕ ಸೇವೆಯ ನಂಬರಿಗೆ ಫೋನು ಮಾಡಿದೆ. ಕನ್ನಡಕ್ಕೆ ಎರಡನ್ನು ಒತ್ತಿ ಎಂದಿತು, ಒತ್ತಿದೆ. ಜೇನಿನಂಥ ಹೆಣ್ಣುದನಿಯೊಂದು, "ನಿಮ್ಮ ಕರೆ ನಮಗೆ ಅತ್ಯಮೂಲ್ಯ. ನಮ್ಮ ಪ್ರತಿನಿಧಿಯು ಶೀಘ್ರದಲ್ಲೇ ತಮ್ಮ ಸೇವೆಗೆ ಹಾಜರಾಗಲಿದ್ದಾರೆ" ಎಂದಿತು. ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ನೆನಪಾಯಿತು, ಆ ವಾಕ್ಯ ನನ್ನದೇ. ಹಿಂದೊಮ್ಮೆ ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸುತ್ತ ಬರೆದುಕೊಟ್ಟಿದ್ದೆ. ಆಗ 'ಶೀಘ್ರದಲ್ಲೇ' ಎಂಬ ಪದವನ್ನು ಯಾವ ಯೋಚನೆಯೂ ಇಲ್ಲದೆ ಹಾಕಿದ್ದೆ. ಈಗ ಅದೇ ಪದ ಮತ್ತೆ ಮತ್ತೆ ನನ್ನ ಕಿವಿಗೆ ಬೀಳುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಹೇಳಿದ್ದು ಊಟದ ವಿಷಯವೊಂದಕ್ಕೇ ಅಲ್ಲ. ಅಕ್ಕ ಪಕ್ಕದಲ್ಲೇ ನಿಂತು, "ಏನಂತಾರೋ?" ಎಂದು ಕೇಳುತ್ತಿದ್ದಳು. "ಬರ್ತಾ ಇದಾರಂತೆ" ಎನ್ನುತ್ತಿದ್ದೆ. "ಯಾರು?" ಎಂದಳು. ನಾನು ಮತ್ತೆ ಎರಡನ್ನು ಒತ್ತಿದೆ.

ಮರುದಿನ ರಿಪೇರಿಯ ಹುಡುಗ ಬಂದ. ವಿಜಯಪುರದ ಕಡೆಯವನು, ಬೆಂಗಳೂರಿಗೆ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಹಣೆಯ ಬೆವರು ಒರೆಸಿಕೊಂಡು, "ಯಕ್ಕಾ, ಕಂಪ್ರೆಸರ್ ಹೋಗೇತ್ರಿ. ಇದನ್ನ ಗಾಡ್ಯಾಗ ಅಡ್ಡ ಮಲಗಿಸಿ ತಂದಾರ್ರಿ. ಹಂಗ ತರಬಾರದ್ರಿ" ಎಂದ.

"ಈಗ ಏನ್ ಮಾಡೋದಪ್ಪ?" ಎಂದಳು ಅಕ್ಕ.

"ನಾ ಬರಕೊಂಡು ಹೋಗ್ತೀನ್ರಿ. ಮುಂದಿಂದು ಮ್ಯಾಲಿನವ್ರು ನೋಡ್ತಾರ್ರಿ."

"ಮೇಲಿನವರು ಅಂದ್ರೆ ಯಾರು?"

"ಅದು ನನಗೂ ಗೊತ್ತಿಲ್ರಿ ಯಕ್ಕಾ. ನಾ ಒಮ್ಮೆನೂ ನೋಡಿಲ್ಲ."

ಅವನು ಅದನ್ನು ದೇವರ ವಿಷಯ ಹೇಳುವಷ್ಟೇ ವಿನಯದಿಂದ ಹೇಳಿದ. ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಮೇಲಿನವರಿಂದ ಬಂದ ಉತ್ತರ ಹೀಗಿತ್ತು: ಸಾಗಾಟದಲ್ಲಿ ಆದ ಹಾನಿಗೆ ತಯಾರಕರು ಹೊಣೆಯಲ್ಲ, ಮಾರಿದವರನ್ನು ಕೇಳಿ. ಮಾರಿದವರನ್ನು ಕೇಳಲು ನಾನು ಅರ್ಧ ದಿನ ರಜೆ ಹಾಕಿ ಷೋರೂಮಿಗೆ ಹೋದೆ. ಅಲ್ಲಿಯ ಮ್ಯಾನೇಜರು ಕುತ್ತಿಗೆಗೆ ಗುರುತಿನ ಪಟ್ಟಿ ನೇತುಹಾಕಿಕೊಂಡ, ಕಣ್ಣಿನ ಕೆಳಗೆ ಕಪ್ಪುಕಟ್ಟಿದ ಮನುಷ್ಯ. ಮಂಜುನಾಥ್ ಎಂದು ಹೆಸರು. "ಸಾರ್, ಒಂದು ಸಲ ಡೆಲಿವರಿ ಆದ್ಮೇಲೆ ಕಂಪ್ರೆಸರ್ ಕಂಪನಿಯವರದ್ದೇ ಜವಾಬ್ದಾರಿ. ನಮ್ಮ ಕೈಲಿ ಏನೂ ಇಲ್ಲ" ಎಂದರು. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ, 'ಮಾರಾಟದೊಂದಿಗೆ ಮುಗಿಯದ ಮಮತೆ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದೂ ನನ್ನದೇ. ಅನುಪ್ರಾಸ ಚೆನ್ನಾಗಿ ಕೂತಿದೆ ಎಂದು ಆಗ ಸುಮಾಳಿಗೆ ಓದಿ ಹೇಳಿದ್ದೆ. ಅವಳು ಬಟ್ಟೆ ಮಡಿಸುತ್ತ, "ಹೂಂ" ಎಂದಿದ್ದಳು. ಈಗ ಆ ಗೋಡೆಯ ಕೆಳಗೆ ನಿಂತು, ಇದನ್ನು ಬರೆದವನು ನಾನೇ ಎಂದು ಹೇಳಿಕೊಳ್ಳೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಹೇಳಿದರೆ ಗೌರವ ಹೆಚ್ಚುವುದೋ ಹೊಡೆತ ಬೀಳುವುದೋ ತಿಳಿಯಲಿಲ್ಲ. ಒಂದು ಅರ್ಜಿ ಬರೆದುಕೊಟ್ಟು ಬಂದೆ. ಅರ್ಜಿಯ ಭಾಷೆ ಚೆನ್ನಾಗಿತ್ತು.

ಈ ನಡುವೆ ಅಕ್ಕ ಪಕ್ಕದ ಮನೆಗಳ ಫ್ರಿಜ್ಜುಗಳಲ್ಲಿ ಒಂದೆರಡು ಡಬ್ಬಿ ಇಟ್ಟು ಹೇಗೋ ದಿನ ತಳ್ಳುತ್ತಿದ್ದಳು. ಗಿರಾಕಿಗಳು ಕಡಿಮೆಯಾಗುತ್ತಿದ್ದರು. ನಾನು ಪ್ರತಿ ಸಂಜೆ ಫೋನು ಮಾಡಿ, "ಅರ್ಜಿ ಕೊಟ್ಟಿದೀನಿ ಅಕ್ಕ, ನೋಡೋಣ" ಎನ್ನುತ್ತಿದ್ದೆ. ಒಂದು ಸಂಜೆ ಅವಳು, "ನೋಡೋದೆಲ್ಲ ನೋಡಿಯಾಯ್ತು ಶೀನ. ನಾಳೆ ನಾನೇ ಹೋಗ್ತೀನಿ. ನೀನು ಬಂದ್ರೆ ಬಾ, ಇಲ್ಲಾಂದ್ರೆ ಆಫೀಸಿಗೆ ಹೋಗು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಮರುದಿನ ಷೋರೂಮು ಬಾಗಿಲು ತೆಗೆಯುವ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಭಾವನ ಸ್ಕೂಟರು ಮೆಟ್ಟಿಲ ಬಳಿ ನಿಂತಿತ್ತು. ಅದರ ಮೇಲೆ, ಕೆಳಗೆ, ಭಾವನ ಎರಡೂ ಕೈಗಳಲ್ಲಿ ಹಿಟ್ಟಿನ ಡಬ್ಬಿಗಳು. ಅಕ್ಕ ಜರಿಯಂಚಿನ ಸೀರೆ ಉಟ್ಟು, ಮದುವೆ ಮನೆಗೆ ಬಂದವಳಂತೆ ಒಳಗೆ ನಡೆದಳು. ಸಾಲಾಗಿ ನಿಂತ ಹೊಸ ಫ್ರಿಜ್ಜುಗಳ ಮುಂದೆ ಹೋಗಿ, ಒಂದೊಂದರ ಬಾಗಿಲು ತೆಗೆದು ಒಳಗೆ ಕೈಯಿಟ್ಟು ನೋಡಿದಳು. ಹೆಚ್ಚಿನವು ಬರೀ ನೋಟಕ್ಕೆ ನಿಂತಿದ್ದವು. ಮೂಲೆಯಲ್ಲಿದ್ದ ಎರಡು ಬಾಗಿಲಿನ ಒಂದು ಭಾರೀ ಫ್ರಿಜ್ಜು ಮಾತ್ರ ಓಡುತ್ತಿತ್ತು. ಅಕ್ಕ ಭಾವನ ಕೈಯಿಂದ ಡಬ್ಬಿ ಇಸಿದುಕೊಂಡು ಅದರೊಳಗೆ ಜೋಡಿಸತೊಡಗಿದಳು.

ಮಂಜುನಾಥ್ ಓಡಿ ಬಂದರು. "ಆಂಟಿ, ಆಂಟಿ, ಏನ್ ಮಾಡ್ತಾ ಇದೀರಾ? ಅದು ಡಿಸ್‌ಪ್ಲೇ ಪೀಸು."

"ಇರಲಿ ಕಣಪ್ಪ" ಎಂದಳು ಅಕ್ಕ, ಡಬ್ಬಿ ಇಡುವುದನ್ನು ನಿಲ್ಲಿಸದೆ. "ಡಿಸ್‌ಪ್ಲೇ ಆಗ್ಲಿ ಬಿಡು. ಖಾಲಿ ಫ್ರಿಜ್ಜು ನೋಡಿದ್ರೆ ಯಾರಿಗೇನು ಗೊತ್ತಾಗುತ್ತೆ? ಎಷ್ಟು ಹಿಡಿಯುತ್ತೆ ಅಂತ ತುಂಬಿದ್ಮೇಲೆ ತಾನೇ ತಿಳಿಯೋದು."

"ಹಾಗಲ್ಲ ಆಂಟಿ, ರೂಲ್ಸ್ ಇರುತ್ತೆ."

"ನನ್ನ ಫ್ರಿಜ್ಜು ನೀವು ಸರಿಮಾಡೋ ತನಕ ನನ್ನ ಹಿಟ್ಟು ಇಲ್ಲೇ ಇರುತ್ತೆ. ನಾನೇನು ಗಲಾಟೆ ಮಾಡ್ತಿಲ್ಲ ನೋಡು. ದುಡ್ಡು ಕೊಟ್ಟು ತಗೊಂಡಿರೋದು ನಿಮ್ಮ ಹತ್ರಾನೇ ತಾನೇ? ಅಲ್ಲಿಟ್ರೇನು, ಇಲ್ಲಿಟ್ರೇನು."

ಮಂಜುನಾಥ್ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಟಿವಿಗಳ ಕಡೆ ನೋಡಿದೆ. ಎಲ್ಲ ಟಿವಿಗಳಲ್ಲೂ ಒಂದೇ ಜಿಂಕೆ ಒಂದೇ ಸಲ ನೀರು ಕುಡಿಯುತ್ತಿತ್ತು. ಅವರು ಮೇಲಿನ ಯಾರಿಗೋ ಫೋನು ಮಾಡಲು ಹೋದರು. ಅವರ ಮೇಲಿನವರೂ ಶೀಘ್ರದಲ್ಲೇ ಹಾಜರಾಗುವವರಿದ್ದರೆಂದು ಕಾಣುತ್ತದೆ, ಬಹಳ ಹೊತ್ತು ಕಿವಿಗೆ ಫೋನು ಒತ್ತಿಕೊಂಡೇ ನಿಂತಿದ್ದರು. ಕೊನೆಗೆ ಫೋನು ಜೇಬಿಗೆ ಹಾಕಿ, ಅಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಆಂಟಿ, ಹಿಟ್ಟು ಇವತ್ತಿಂದಾ?" ಎಂದು ಕೇಳಿದರು.

"ಬೆಳಿಗ್ಗೆ ರುಬ್ಬಿದ್ದು."

"ನಮ್ಮ ಮನೆಯವರು ಊರಿಗೆ ಹೋಗಿದಾರೆ. ಒಂದು ಡಬ್ಬಿ ಕೊಡಿ."

ಅಲ್ಲಿಗೆ ಆ ಯುದ್ಧ ಮುಗಿಯಿತು. ಅಂದಿನಿಂದ ಅಕ್ಕನ ಹಿಟ್ಟು ಷೋರೂಮಿನ ಫ್ರಿಜ್ಜಿನಲ್ಲಿ ವಾಸ ಮಾಡತೊಡಗಿತು. ಬಿಟ್ಟುಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಅಲ್ಲಿಗೇ ಬಂದರು. ಪಿ.ಜಿ.ಗಳಲ್ಲಿದ್ದ ಡೆಲಿವರಿ ಹುಡುಗರು ಬೈಕು ನಿಲ್ಲಿಸಿ, ಹೆಲ್ಮೆಟ್ಟು ಹಾಕಿಕೊಂಡೇ ಒಳಗೆ ಬಂದು, ಫ್ರಿಜ್ಜಿನ ಬಾಗಿಲು ತೆಗೆದು ಡಬ್ಬಿ ಹಿಡಿದುಕೊಂಡು ಹೋಗುತ್ತಿದ್ದರು. ಅಕ್ಕನಿಗೆ ಕೂರಲು ಒಂದು ಮಸಾಜ್ ಕುರ್ಚಿ ಸಿಕ್ಕಿತ್ತು. ಬೆನ್ನುನೋವಿಗೆ ಒಳ್ಳೆಯದೆಂದು ಷೋರೂಮಿನ ಹೆಣ್ಣುಮಕ್ಕಳು ತಾವೇ ಅದನ್ನು ಓಡಿಸುತ್ತಿದ್ದರು. ಒಂದು ದಿನ ನಾನು ಹೋದಾಗ ನಾಗರಭಾವಿಯ ಕಡೆಯ ಗಂಡಹೆಂಡತಿ ಆ ಭಾರೀ ಫ್ರಿಜ್ಜಿನ ಮುಂದೆ ನಿಂತು ಒಳಗಿನ ಡಬ್ಬಿಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ಅಕ್ಕ ಮಸಾಜ್ ಕುರ್ಚಿಯಿಂದಲೇ ಅಲುಗಾಡುವ ದನಿಯಲ್ಲಿ, "ಕೆಳಗಿನ ಅರೇಲಿ ಇನ್ನೂ ಜಾಗ ಇದೆ ನೋಡಿ" ಎಂದಳು. ಅವರು ಅದೇ ಮಾಡೆಲ್ಲಿನ ಇನ್ನೊಂದು ಫ್ರಿಜ್ಜನ್ನು ಕೊಂಡರು. "ಮನೆಗೆ ತರೋವಾಗ ನಿಲ್ಲಿಸ್ಕೊಂಡು ತರೋಕೆ ಹೇಳಿ, ಮಲಗಿಸಬಾರದು" ಎಂದು ಅಕ್ಕ ಒಂದು ಬುದ್ಧಿಮಾತನ್ನೂ ಸೇರಿಸಿದಳು. ಮಂಜುನಾಥ್ ಕೆಮ್ಮಿದರು.

ಕೊನೆಗೆ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಅವತ್ತು ಅಕ್ಕ ಅಲ್ಲೇ ಇದ್ದಳು, ನಡೆದದ್ದನ್ನು ಆಮೇಲೆ ಭಾವ ನನಗೆ ಹೇಳಿದರು. ಅಧಿಕಾರಿ ಫ್ರಿಜ್ಜು ತೆಗೆದು, ಹಿಟ್ಟು ನೋಡಿ, "ವಾಟ್ ಈಸ್ ದಿಸ್?" ಎಂದರಂತೆ. ಮಂಜುನಾಥ್ ಮುಖ ಬಿಳಿಚಿಕೊಂಡಿತಂತೆ. ಆದರೆ ಎಷ್ಟೋ ವರ್ಷ ಮಾರಾಟದಲ್ಲಿ ಪಳಗಿದ ನಾಲಿಗೆ, ಸುಮ್ಮನಿರಲಿಲ್ಲ. "ಲೋಕಲ್ ಮಹಿಳಾ ಉದ್ಯಮಿಗಳಿಗೆ ಸಪೋರ್ಟ್ ಮಾಡೋ ಕಾರ್ಯಕ್ರಮ ಸಾರ್. ಇದರಿಂದ ಆ ಮಾಡೆಲ್ ಚೆನ್ನಾಗಿ ಹೋಗ್ತಾ ಇದೆ" ಎಂದುಬಿಟ್ಟರಂತೆ. ಅಧಿಕಾರಿ ಫ್ರಿಜ್ಜಿನ ಬಾಗಿಲು ಮುಚ್ಚಿ, ಅಕ್ಕನ ಜೊತೆ ನಿಂತು ಫೋಟೋ ತೆಗೆಸಿಕೊಂಡರಂತೆ. ಅದೇ ವಾರ ಅಕ್ಕನ ಮನೆಗೆ ಹೊಸ ಫ್ರಿಜ್ಜು ಬಂತು. ಈ ಸಲ ನಿಂತುಕೊಂಡೇ ಬಂತು. ನನ್ನ ಅರ್ಜಿಗೂ ಒಂದು ಉತ್ತರ ಬಂತು. ಅದನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಲಾಗಿದೆ ಎಂದಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ. ಸ್ವಲ್ಪ ದಿನಕ್ಕೆ ನಮ್ಮ ಮಾಲೀಕರು ನನ್ನನ್ನು ಕರೆದು, ಆ ಷೋರೂಮಿನವರ ಕಂಪನಿ ಪರಿಚಯಕ್ಕೆ ಒಂದು ಹೊಸ ಪ್ಯಾರಾ ಸೇರಿಸಬೇಕಂತೆ ಎಂದರು. ವಿಷಯ: ಹಿಟ್ಟಿನ ವ್ಯಾಪಾರ ಮಾಡುವ ಸುಂಕದಕಟ್ಟೆಯ ಒಬ್ಬ ಮಹಿಳೆ, ಕಂಪನಿ ಅವರಿಗೆ ನೀಡಿದ ಬೆಂಬಲ. ಫ್ರಿಜ್ಜು ಕೆಟ್ಟದ್ದನ್ನು ಬರೆಯುವ ಹಾಗಿಲ್ಲ, ಹೆಸರು ಬೇಡ. ಮಾಲೀಕರಿಗೆ ಅವಳು ನನ್ನ ಅಕ್ಕ ಎಂದು ಗೊತ್ತಿರಲಿಲ್ಲ. ಹೇಳೋಣ ಎಂದು ಬಾಯಿ ತೆರೆದೆ. "ಸಂಜೆಯೊಳಗೆ ಬೇಕು" ಎಂದರು. ಬಾಯಿ ಮುಚ್ಚಿಕೊಂಡು ಬಂದು ಕೂತೆ. ಬೆರಳುಗಳು ತಾವೇ ಓಡಿದವು. 'ಕಣ್ಣ ತುಂಬ ಕನಸು ಹೊತ್ತ ಸುಂಕದಕಟ್ಟೆಯ ಆ ಸಾಮಾನ್ಯ ಗೃಹಿಣಿಗೆ ಸಂಸ್ಥೆಯು ನೆರಳಾಗಿ ನಿಂತಿತು. ಇಂದು ಅವರು ಕೈತುಂಬ ದುಡಿಯುತ್ತ, ಮುಖದ ನಗು ಮಾಸದಂತೆ, ನೂರಾರು ಮನೆಗಳಿಗೆ ಶುಚಿರುಚಿಯಾದ ಹಿಟ್ಟನ್ನು ಒದಗಿಸುತ್ತಿದ್ದಾರೆ.' ಕಂಪನಿಯವರಿಗೆ ಬಹಳ ಮೆಚ್ಚಿಗೆಯಾಯಿತು. ಅಕ್ಕ ಫೋಟೋದಲ್ಲಿ ನಕ್ಕಿರಲಿಲ್ಲವಾದ್ದರಿಂದ ಅದರ ಬದಲು, ರೇಷ್ಮೆ ಸೀರೆಯುಟ್ಟು ಪಾತ್ರೆ ಹಿಡಿದು ನಗುವ ಯಾವುದೋ ಎಳೆಯ ಹೆಂಗಸಿನ ಚಿತ್ರ ಹಾಕಿದರು.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ದೋಸೆ ತಿನ್ನುತ್ತಿದ್ದಾಗ ಅವಳೇ ನನ್ನ ಫೋನು ತೆಗೆದುಕೊಂಡು, "ಹೊಸದಾಗಿ ಏನು ಬರೆದಿದ್ದೀಯೋ ತೋರಿಸು" ಎಂದಳು. ಅವಳು ನಾನು ಬರೆದದ್ದನ್ನೆಲ್ಲ ಓದುತ್ತಾಳೆ, ಪ್ರಪಂಚದಲ್ಲಿ ಹಾಗೆ ಓದುವವಳು ಅವಳೊಬ್ಬಳೇ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು. ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. ಇನ್ನೊಂದು ಸಲ ಓದಿದಳು. ನಾನು ದೋಸೆಯ ಮೇಲೆ ಕಣ್ಣು ನೆಟ್ಟು ಕಾಯುತ್ತಿದ್ದೆ.

"ಶೀನ, ಯಾರೋ ಇವಳು?" ಎಂದಳು.

"ಯಾರಕ್ಕ?"

"ಸುಂಕದಕಟ್ಟೆಯವಳು ಅಂತ ಬರೆದಿದ್ದೀಯಲ್ಲ. ನೂರಾರು ಮನೆಗೆ ಕೊಡ್ತಾಳಂತೆ. ನಾನು ಇವಳನ್ನ ನೋಡೇ ಇಲ್ವಲ್ಲೋ." ಅಕ್ಕನ ಮುಖದಲ್ಲಿ ನಾನು ಆ ಬೇಸಿಗೆಯಿಡೀ ಕಾಣದಿದ್ದ ಆತಂಕ ಕಂಡಿತು. "ನಮ್ಮ ಗಿರಾಕಿಗಳನ್ನ ಎಳ್ಕೊಂಡುಬಿಟ್ಟಾಳು. ಎಷ್ಟು ಹೊತ್ತಿಗೆ ರುಬ್ತಾಳೆ, ಯಾವ ಅಕ್ಕಿ ಹಾಕ್ತಾಳೆ, ಒಂಚೂರು ವಿಚಾರಿಸು. ನಿನಗೆ ಅಲ್ಲಿ ಪರಿಚಯ ಇದೆಯಲ್ಲ."

ಅವಳು ನೀನೇ ಅಕ್ಕ ಎಂದು ಹೇಳಬೇಕಿತ್ತು. ಆದರೆ ಆ ಹಾಳು ಪ್ಯಾರಾದಲ್ಲಿ ನಾನೆಲ್ಲಿದ್ದೇನೆ, ಬೆರಳಿಟ್ಟು ತೋರಿಸು ಎಂದು ಅಕ್ಕ ಕೇಳಿದ್ದರೆ ನನ್ನಿಂದಲೂ ಆಗುತ್ತಿರಲಿಲ್ಲ. "ವಿಚಾರಿಸ್ತೀನಿ" ಎಂದೆ. ಅಕ್ಕ ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ಗ್ರೈಂಡರಿನ ಕಡೆಗೆ ಯೋಚನೆಯಿಂದ ನೋಡುತ್ತ ನಿಂತಳು.

ಆಮೇಲಿನ ಸುದ್ದಿ ಭಾವನಿಂದ ತಿಳಿದದ್ದು. ಹೊಸ ಹೆಂಗಸಿಗೆ ಬಿಟ್ಟುಕೊಡಬಾರದೆಂದು ಅಕ್ಕ ಈಗ ಕೋಳಿ ಕೂಗುವ ಮೊದಲೇ ಎದ್ದು ರುಬ್ಬುತ್ತಿದ್ದಾಳಂತೆ, ಅವರನ್ನೂ ಎಬ್ಬಿಸುತ್ತಿದ್ದಾಳಂತೆ, ರಾಗಿ ದೋಸೆ ಹಿಟ್ಟನ್ನೂ ಶುರುಮಾಡಿದ್ದಾಳಂತೆ. ಮೊನ್ನೆ ನಾನಿನ್ನೂ ಹಾಸಿಗೆಯಲ್ಲಿರುವಾಗಲೇ ಭಾವನ ಫೋನು ಬಂತು. ಹಿಂದೆ ಗ್ರೈಂಡರು ಗರಗರ ತಿರುಗುತ್ತಿತ್ತು.

"ಶೀನ" ಎಂದರು, ಆಕಳಿಕೆಯ ನಡುವೆ. "ಆ ಹೆಂಗಸು ವ್ಯಾಪಾರ ನಿಲ್ಲಿಸಿದಳು ಅಂತ ಒಂದು ಪ್ಯಾರಾ ಬರೆದುಬಿಡಯ್ಯ. ನನಗೆ ಸ್ವಲ್ಪ ನಿದ್ದೆ ಬೇಕು."